ಗೋಡೆಯಿಂದಿಳಿದ ಫಲಕ

ನಮ್ಮ ಹೊಟೇಲಿನ ಗಲ್ಲಾದ ಹಿಂದಣ ಗೋಡೆಯಲ್ಲಿ ಚಹದ ಕಂಪನಿಯೊಂದರ ನೀಲಿ ಎನಾಮಲ್ ಫಲಕವಿದ್ದಿತು. ಗೋಡೆಗೆ ಬಣ್ಣ ಹೊಡೆಸುವಾಗ ನಾವದನ್ನು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟೆವು. ಮೊನ್ನೆ ಮುಂಬಯಿಯ ಹರಾಜೊಂದರಲ್ಲಿ ಅಂಥದೇ ಫಲಕಕ್ಕೆ ಕೂಗಿದ ಬೆಲೆಯನ್ನು ಕೇಳಿ ನಮಗೆ ನಗೆಯೂ ಸಂಕಟವೂ ಒಟ್ಟಿಗೇ ಬಂದವು.

ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಇಂಥವುಗಳನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಅಲ್ಲಿಯೂ ಹರಾಜಿನಲ್ಲಿಯೂ ಅಸಲಿನೊಡನೆ ನಕಲಿಯೂ ಉಂಟು. ಎನಾಮಲ್ ಎಂಬುದು ಬರಿಯ ಬಣ್ಣವಲ್ಲ. ಕಬ್ಬಿಣದ ತಗಡಿನ ಮೇಲೆ ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ ಹಿಡಿಸಿದ ಗಾಜಿನ ಪುಡಿ. ಒಂದೊಂದು ಬಣ್ಣವನ್ನೂ ಪ್ರತ್ಯೇಕವಾಗಿ ಸುಡುತ್ತಿದ್ದುದರಿಂದ ಅಕ್ಷರಗಳ ಅಂಚು ಬೆರಳಿಗೆ ತುಸು ಉಬ್ಬಾಗಿ ತಾಗುವುದು. ಮೊಳೆ ಹೊಡೆದ ತೂತುಗಳ ಸುತ್ತ ಗಾಜು ಚಕ್ಕೆಯೆದ್ದು ತುಕ್ಕು ಹಿಡಿದಿರುವುದು ಸಹಜ. ಫಲಕವೆಲ್ಲ ಒಂದೇ ಸಮನೆ ತುಕ್ಕಾಗಿದ್ದು, ತೂತುಗಳು ಮಾತ್ರ ಹೊಸತಾಗಿದ್ದರೆ ಸಂಶಯಪಡತಕ್ಕದ್ದು.

ಕೂಗಿದ ಬೆಲೆಯೇ ಕೊಡುವ ಬೆಲೆಯೆಂದೂ ತಿಳಿಯಬಾರದು. ಹರಾಜು ಮಾಡುವವರ ಕಮಿಷನ್ನೂ ಜಿಎಸ್‌ಟಿಯೂ ಅದರ ಮೇಲೇರುತ್ತವೆ. ಸಂಬಳದಿಂದ ಊರಿಗೆ ಹಣ ಕಳಿಸುವವರು ಕೈಯೆತ್ತುವ ಮೊದಲೇ ಇದನ್ನು ಕೂಡಿಸಿ ನೋಡಬೇಕು. ಅದಕ್ಕಿಂತ, ಹಳೆಯ ಹೊಟೇಲು ಮುಚ್ಚುವಾಗ ಧಣಿಗಳು ಗುಜರಿಯವನನ್ನು ಕರೆಯುವ ಮುನ್ನ ನಮ್ಮ ಹುಡುಗರು ಗೋಡೆಯನ್ನೊಮ್ಮೆ ನೋಡಿ ಹೇಳಿದರೆ ಉಪಕಾರವಾದೀತು. ನಮಗೆ ಹಾಗೆ ಹೇಳುವವರಿರಲಿಲ್ಲ.

ಆ ದಿನ ನಾವು ಎರಡು ಸಲ ಕೈಯೆತ್ತಿ, ಮೂರನೆಯದಕ್ಕೆ ಜೇಬನ್ನು ನೆನೆದು ಕುಳಿತೆವು. ಫಲಕವು ಮುಂದಿನ ಸಾಲಿನಲ್ಲಿದ್ದ ತರುಣನೊಬ್ಬನ ಪಾಲಾಯಿತು.