ಹೂವಿನ ಹೊಲದ ಚಿತ್ರಕ್ಕೆ ಎಷ್ಟು ಬೆಲೆ?

ಗುಂಡ್ಲುಪೇಟೆಯಿಂದ ಊಟಿ ಮತ್ತು ಕೇರಳದ ಕಡೆಗೆ ಹೋಗುವ ರಸ್ತೆಗಳ ಬದಿಯಲ್ಲಿ ಜುಲೈ ಸುಮಾರಿಗೆ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ಅರಳಿ ನಿಲ್ಲುತ್ತವೆ. ದಾರಿಹೋಕರು ವಾಹನ ನಿಲ್ಲಿಸಿ ಚಿತ್ರ ತೆಗೆಯುತ್ತಾರೆ. ಅಂಥ ಚಿತ್ರವೊಂದು ಮುಂದೆ ಯಾವುದೋ ದೇಶದ ಅಡುಗೆ ಎಣ್ಣೆಯ ಜಾಹೀರಾತಿನಲ್ಲಿ ಕಾಣಿಸಿಕೊಂಡರೆ ಅಚ್ಚರಿಯಿಲ್ಲ. ಅದನ್ನು ಅಲ್ಲಿಗೆ ಮುಟ್ಟಿಸುವುದು 'ಸ್ಟಾಕ್ ಫೋಟೊ' ವ್ಯಾಪಾರ.

ಸ್ಟಾಕ್ ಎಂದರೆ ದಾಸ್ತಾನು. ಬೇಕಾದವರು ಬಂದು ಆರಿಸಿಕೊಳ್ಳಲೆಂದು ಮೊದಲೇ ತೆಗೆದಿಟ್ಟ ಚಿತ್ರಗಳ ಉಗ್ರಾಣ ಇದು. ಫಿಲಂ ಕಾಲದಲ್ಲಿ ಇದರ ಬಾಗಿಲು ಕಿರಿದಾಗಿತ್ತು. ಬಂಡೀಪುರದಲ್ಲಿ ದಿನಗಟ್ಟಲೆ ಕಾದು ಹುಲಿಯ ಚಿತ್ರ ತೆಗೆದವರು ಸ್ಲೈಡುಗಳನ್ನು ಏಜೆನ್ಸಿಗೆ ಅಂಚೆಯಲ್ಲಿ ಕಳಿಸಬೇಕಿತ್ತು. ಚಿತ್ರ ಯಾವ ಅಳತೆಯಲ್ಲಿ, ಎಷ್ಟು ಪ್ರತಿಗಳಲ್ಲಿ ಅಚ್ಚಾಗುತ್ತದೆ ಎಂಬುದನ್ನು ನೋಡಿ ದರ ನಿಗದಿಯಾಗುತ್ತಿತ್ತು. ಒಂದೇ ಚಿತ್ರಕ್ಕೆ ನೂರಾರು ಡಾಲರ್ ಸಿಗುವುದೂ ಇತ್ತು.

2000ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಬ್ರೂಸ್ ಲಿವಿಂಗ್‌ಸ್ಟೋನ್ 'ಐಸ್ಟಾಕ್‌ಫೋಟೊ' ಆರಂಭಿಸಿದರು. ಮೊದಲು ಉಚಿತ ವಿನಿಮಯವಾಗಿದ್ದ ಅದು ಬಳಿಕ ಅತಿ ಕಡಿಮೆ ಬೆಲೆಯ ಅಂಗಡಿಯಾಯಿತು. 2003ರಲ್ಲಿ ನ್ಯೂಯಾರ್ಕಿನ ಜಾನ್ ಒರಿಂಜರ್ ತಾವೇ ತೆಗೆದ ಸುಮಾರು 30,000 ಚಿತ್ರಗಳಿಂದ 'ಶಟರ್‌ಸ್ಟಾಕ್' ತೆರೆದು ಚಂದಾ ಪದ್ಧತಿ ತಂದರು. ಡಿಜಿಟಲ್ ಕ್ಯಾಮೆರಾಕ್ಕೆ ಫಿಲಂ ಖರ್ಚಿಲ್ಲ. ಹವ್ಯಾಸಿಗಳು ರಾಶಿರಾಶಿ ಚಿತ್ರ ಸುರಿದರು. 2006ರಲ್ಲಿ ಹಳೆಯ ದೊಡ್ಡ ಸಂಸ್ಥೆ ಗೆಟ್ಟಿ ಇಮೇಜಸ್, ಐಸ್ಟಾಕ್‌ಫೋಟೊವನ್ನು 5 ಕೋಟಿ ಡಾಲರಿಗೆ ಕೊಂಡಿತು.

ಇದರ ಲಾಭ ಯಾರಿಗೆ? ಚಾಮರಾಜನಗರದ ಸಣ್ಣ ಮುದ್ರಣಾಲಯವೂ ಈಗ ಒಳ್ಳೆಯ ಚಿತ್ರವನ್ನು ಅಗ್ಗವಾಗಿ ಕೊಳ್ಳಬಹುದು. ಆದರೆ ಅದೇ ಕಸುಬನ್ನು ನಂಬಿದವರ ಪಾಲು ಕರಗಿತು. ಬಂಡೀಪುರದಲ್ಲಿ ಸಫಾರಿ ಜೀಪುಗಳಿಗೆ ಅಂಜದೆ ನಡೆಯುತ್ತಿದ್ದ 'ಪ್ರಿನ್ಸ್' ಎಂಬ ಹುಲಿ 2017ರಲ್ಲಿ ಸಾಯುವ ಮುನ್ನ ಅಸಂಖ್ಯ ಪ್ರವಾಸಿಗರ ಕ್ಯಾಮೆರಾಗಳಲ್ಲಿ ಸೇರಿತ್ತು. ಅಷ್ಟು ಚಿತ್ರಗಳಿರುವಾಗ ಒಂದಕ್ಕೆ ಹೆಚ್ಚು ಹಣ ಕೊಡುವವರಾರು? 2020ರಲ್ಲಿ ಶಟರ್‌ಸ್ಟಾಕ್ ಒಂದು ಮಾರಾಟಕ್ಕೆ ಛಾಯಾಗ್ರಾಹಕನಿಗೆ ಸಲ್ಲುವ ಕನಿಷ್ಠ ಮೊತ್ತವನ್ನು 10 ಸೆಂಟಿಗೆ ಇಳಿಸಿತು. ಅಂದಿನ ಲೆಕ್ಕದಲ್ಲಿ ಎಂಟು ರೂಪಾಯಿಗೂ ಕಡಿಮೆ.

ಇನ್ನೊಂದು ಮಾತು. ಗುರುತು ಸಿಗುವ ಮುಖವಿರುವ ಚಿತ್ರವನ್ನು ಜಾಹೀರಾತಿಗೆ ಮಾರಲು ಈ ಸಂಸ್ಥೆಗಳು ಆ ವ್ಯಕ್ತಿಯ ಸಹಿ ಇರುವ ಒಪ್ಪಿಗೆ ಪತ್ರ ಕೇಳುತ್ತವೆ. ಹೊಲದಲ್ಲಿ ಹೂ ಕೀಳುವ ಹೆಂಗಸಿಗೆ ಇದು ತಿಳಿದಿರಬೇಕಾದದ್ದು. ಹೂವಿಗೆ ಮಾತ್ರ ಸಹಿ ಬೇಕಿಲ್ಲ. ಗುಂಡ್ಲುಪೇಟೆಯ ಕೆಲವು ರೈತರು ಹೊಲಕ್ಕಿಳಿಯುವ ಪ್ರವಾಸಿಗರಿಂದ ಸಣ್ಣ ಶುಲ್ಕ ಪಡೆದದ್ದುಂಟು; ಅವರ ಕೈಗೆ ಬರುವುದು ಅಷ್ಟೇ. ಕೊಳ್ಳುವವನು ಹುಡುಕುವುದು 'ಸೂರ್ಯಕಾಂತಿ ಹೊಲ' ಎಂದು, ಗುಂಡ್ಲುಪೇಟೆ ಎಂದಲ್ಲ. ಚಿತ್ರ ಲೋಕ ಸುತ್ತುತ್ತದೆ, ಊರಿನ ಹೆಸರು ಊರಲ್ಲೇ ಉಳಿಯುತ್ತದೆ.