ವಿದ್ಯುತ್ ಬಗ್ಗಿ ಮೋಟಾರಿನ ಅಧಿಕ ವೋಲ್ಟೇಜ್ ಚಾಲನೆ

ವಿದ್ಯುತ್ ಬಗ್ಗಿ ಅಥವಾ ಗಾಲ್ಫ್ ಬಂಡಿಯ ಮೋಟಾರನ್ನು ಅದರ ಫಲಕದಲ್ಲಿ ನಮೂದಿಸಿರುವ ವೋಲ್ಟೇಜಿಗಿಂತ ಹೆಚ್ಚಿನ ವೋಲ್ಟೇಜಿನ ಬ್ಯಾಟರಿಗಳಿಂದ ನಡೆಸುವುದನ್ನು ಅಧಿಕ ವೋಲ್ಟೇಜ್ ಚಾಲನೆ ಎನ್ನಬಹುದು. 36 ವೋಲ್ಟಿನ ಬಂಡಿಗೆ 48 ವೋಲ್ಟಿನ ಬ್ಯಾಟರಿ ಸಮೂಹವನ್ನು ಅಳವಡಿಸುವುದು ಇದರ ಸಾಮಾನ್ಯ ಉದಾಹರಣೆ. ಇದರಿಂದ ಬಂಡಿಯ ವೇಗ ಹೆಚ್ಚುತ್ತದೆ. ಆದರೆ ಮೋಟಾರು, ನಿಯಂತ್ರಕ, ಬ್ರೇಕು ಮತ್ತು ಪ್ರಯಾಣಿಕರ ಸುರಕ್ಷತೆಯ ಮೇಲೂ ಇದು ಪರಿಣಾಮ ಬೀರುತ್ತದೆ.

ಹಿನ್ನೆಲೆ

ಗಾಲ್ಫ್ ಮೈದಾನಗಳಿಗೆಂದು ಬ್ಯಾಟರಿ ಬಂಡಿಗಳನ್ನು ತಯಾರಿಸುವ ಉದ್ಯಮವು 1950ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆಯಿತು. ಪ್ರಸಿದ್ಧ ತಯಾರಕ ಸಂಸ್ಥೆಯಾದ ಇ-ಜಡ್-ಗೋ 1954ರಲ್ಲಿ ಸ್ಥಾಪನೆಗೊಂಡಿತು. ಇಂದು ಈ ಬಂಡಿಗಳು ಮೈದಾನಗಳಿಗೆ ಸೀಮಿತವಾಗಿಲ್ಲ. ಕರ್ನಾಟಕದಲ್ಲಿ ಹಂಪಿಯ ವಿಜಯವಿಠ್ಠಲ ದೇವಾಲಯದ ಹಾದಿಯಲ್ಲಿ ಹಾಗೂ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯದಲ್ಲಿ ಬ್ಯಾಟರಿ ಚಾಲಿತ ಬಂಡಿಗಳು ಸಂದರ್ಶಕರನ್ನು ಕರೆದೊಯ್ಯುತ್ತವೆ. ವೃದ್ಧರಿಗೂ ಅಂಗವಿಕಲರಿಗೂ ಇವು ಬಹಳ ಉಪಯುಕ್ತ.

ಇಂತಹ ಕಡಿಮೆ ವೋಲ್ಟೇಜಿನ ವ್ಯವಸ್ಥೆಯನ್ನು ಅಳವಡಿಸಿಕೊಂಡ ರಸ್ತೆಯ ಕಾರುಗಳಲ್ಲಿ ಬೆಂಗಳೂರಿನ ರೇವಾ ಕಾರೂ ಒಂದು. ಚೇತನ್ ಮೈನಿ ಅವರ ನೇತೃತ್ವದಲ್ಲಿ ರೂಪುಗೊಂಡು 2001ರಲ್ಲಿ ಮಾರುಕಟ್ಟೆಗೆ ಬಂದ ಈ ಪುಟ್ಟ ಕಾರು, 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದ 48 ವೋಲ್ಟಿನ ವ್ಯವಸ್ಥೆಯಿಂದ ಓಡುತ್ತಿತ್ತು. ಲಂಡನ್ನಿನಲ್ಲಿ ಇದು ಜಿ-ವಿಜ್ ಎಂಬ ಹೆಸರಿನಿಂದ ಪರಿಚಿತವಾಯಿತು. ಆರಂಭದ ಮಾದರಿಗಳಲ್ಲಿ ಏಕಮುಖ ವಿದ್ಯುತ್ತಿನ ಮೋಟಾರು ಇದ್ದು, ಅನಂತರದ ಮಾದರಿಗಳಲ್ಲಿ ಪರ್ಯಾಯ ವಿದ್ಯುತ್ತಿನ ಮೋಟಾರು ಬಂದಿತು.

ಕಾರ್ಯತತ್ತ್ವ

ಏಕಮುಖ ವಿದ್ಯುತ್ ಮೋಟಾರು ತಿರುಗುವಾಗ ಅದರ ಆರ್ಮೇಚರ್ ಸುರುಳಿಯಲ್ಲಿಯೇ ಒಂದು ವಿರುದ್ಧ ವೋಲ್ಟೇಜು ಹುಟ್ಟುತ್ತದೆ. ಇದನ್ನು ವಿರೋಧಿ ವಿದ್ಯುಚ್ಚಾಲಕ ಬಲ ಎನ್ನುವರು. ವೇಗ ಹೆಚ್ಚಿದಂತೆ ಇದೂ ಹೆಚ್ಚುತ್ತದೆ. ಬ್ಯಾಟರಿಯ ವೋಲ್ಟೇಜಿಗೂ ಇದಕ್ಕೂ ಇರುವ ವ್ಯತ್ಯಾಸವೇ ಸುರುಳಿಯಲ್ಲಿ ಪ್ರವಾಹವನ್ನು ಹರಿಸುತ್ತದೆ. ಹೊರೆಗೆ ಬೇಕಾದಷ್ಟು ಪ್ರವಾಹ ಮಾತ್ರ ಹರಿಯುವ ಹಂತದಲ್ಲಿ ಮೋಟಾರಿನ ವೇಗ ಸ್ಥಿರಗೊಳ್ಳುತ್ತದೆ. ಆದ್ದರಿಂದ ವೋಲ್ಟೇಜು ವೇಗವನ್ನೂ, ಪ್ರವಾಹವು ತಿರುಗುಬಲವನ್ನೂ ನಿರ್ಧರಿಸುತ್ತವೆ ಎಂದು ಸ್ಥೂಲವಾಗಿ ಹೇಳಬಹುದು.

ಉದಾಹರಣೆಗೆ, ಸುರುಳಿಗಳ ಒಟ್ಟು ರೋಧ 0.05 ಓಮ್ ಇರುವ ಒಂದು ಮೋಟಾರು ಸಮತಟ್ಟಾದ ಹಾದಿಯಲ್ಲಿ 60 ಆಂಪಿಯರ್ ಪ್ರವಾಹವನ್ನು ಸೆಳೆಯುತ್ತದೆ ಎಂದುಕೊಳ್ಳೋಣ. ರೋಧದಿಂದ 3 ವೋಲ್ಟು ನಷ್ಟವಾಗುತ್ತದೆ. ಬ್ಯಾಟರಿ 36 ವೋಲ್ಟಿನದಾದರೆ 33 ವೋಲ್ಟು, 48 ವೋಲ್ಟಿನದಾದರೆ 45 ವೋಲ್ಟು ವೇಗಕ್ಕೆ ಒದಗುತ್ತದೆ. ಅಂದರೆ ವೇಗವು ಸುಮಾರು 1.36 ಪಟ್ಟಾಗುತ್ತದೆ. ಗಂಟೆಗೆ 20 ಕಿಲೋಮೀಟರ್ ಓಡುತ್ತಿದ್ದ ಬಂಡಿ 27 ಕಿಲೋಮೀಟರ್ ವೇಗವನ್ನು ತಲುಪುತ್ತದೆ. ಎರಡೂ ಸಂದರ್ಭಗಳಲ್ಲಿ ಪ್ರವಾಹ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಸುರುಳಿಯಲ್ಲಿ ಹುಟ್ಟುವ ಶಾಖವೂ ಸುಮಾರು 180 ವ್ಯಾಟಿನಷ್ಟೇ ಇರುತ್ತದೆ. ಬ್ಯಾಟರಿಯಿಂದ ಪಡೆಯುವ ಶಕ್ತಿ ಮಾತ್ರ 2,160 ವ್ಯಾಟಿನಿಂದ 2,880 ವ್ಯಾಟಿಗೆ ಏರುತ್ತದೆ.

ವೋಲ್ಟೇಜು ಹೆಚ್ಚಿಸಿದರೆ ಬಂಡಿ ಏರು ಹತ್ತುವ ಬಲವೂ ಹೆಚ್ಚುತ್ತದೆ ಎಂಬ ನಂಬಿಕೆ ಪೂರ್ಣ ಸರಿಯಲ್ಲ. ನಿಯಂತ್ರಕವು ಪ್ರವಾಹವನ್ನು 300 ಆಂಪಿಯರಿಗೆ ಮಿತಿಗೊಳಿಸಿದ್ದರೆ ಗರಿಷ್ಠ ತಿರುಗುಬಲ ಮೊದಲಿನಷ್ಟೇ ಉಳಿಯುತ್ತದೆ. ಆ ಬಲವನ್ನು ಹೆಚ್ಚಿನ ವೇಗದವರೆಗೂ ಕಾಯ್ದುಕೊಳ್ಳಲು ಸಾಧ್ಯವಾಗುವುದಷ್ಟೇ ಲಾಭ.

ಮೋಟಾರಿನ ಬಗೆಗಳು

ಹಳೆಯ ಬಂಡಿಗಳಲ್ಲಿ ಹೆಚ್ಚಾಗಿ ಸರಣಿ ಮೋಟಾರುಗಳಿರುತ್ತವೆ. ಇವುಗಳಲ್ಲಿ ಕ್ಷೇತ್ರ ಸುರುಳಿ ಹಾಗೂ ಆರ್ಮೇಚರ್ ಒಂದೇ ಸಾಲಿನಲ್ಲಿದ್ದು, ಒಂದೇ ಪ್ರವಾಹ ಎರಡರಲ್ಲೂ ಹರಿಯುತ್ತದೆ. ಹೊರೆ ಕಡಿಮೆಯಾದಂತೆ ಇವುಗಳ ವೇಗ ಏರುತ್ತಲೇ ಹೋಗುತ್ತದೆ. ಬಂಡಿಯಿಂದ ಬಿಡಿಸಿ ಹೊರಗಿಟ್ಟ ಸರಣಿ ಮೋಟಾರಿಗೆ ಪೂರ್ಣ ವೋಲ್ಟೇಜು ಕೊಟ್ಟರೆ ಅದು ಮಿತಿಮೀರಿ ತಿರುಗಿ ಸಿಡಿಯುವ ಅಪಾಯವಿದೆ.

ಪ್ರತ್ಯೇಕ ಕ್ಷೇತ್ರದ ಮೋಟಾರುಗಳಲ್ಲಿ ಕ್ಷೇತ್ರ ಸುರುಳಿಯ ಪ್ರವಾಹವನ್ನು ನಿಯಂತ್ರಕವೇ ಬೇರೆಯಾಗಿ ನಿರ್ವಹಿಸುತ್ತದೆ. ಇಳಿಜಾರಿನಲ್ಲಿ ಮೋಟಾರನ್ನೇ ಬ್ರೇಕಾಗಿ ಬಳಸಲು ಇದರಿಂದ ಅನುಕೂಲ. ಇಂತಹ ಬಂಡಿಯಲ್ಲಿ ವೇಗ ಸಂವೇದಕವಿದ್ದರೆ, ಬ್ಯಾಟರಿ ಬದಲಿಸಿದರೂ ನಿಯಂತ್ರಕವು ಮೊದಲಿನ ವೇಗಮಿತಿಯನ್ನೇ ಕಾಯಬಹುದು.

ಪರ್ಯಾಯ ವಿದ್ಯುತ್ತಿನ ಪ್ರೇರಣ ಮೋಟಾರಿನ ಸ್ವಭಾವ ಬೇರೆ. ಮನೆಯ ಬಾವಿಯ ಪಂಪಿಗೆ ವೋಲ್ಟೇಜು ಹೆಚ್ಚಾಗಿ ಬಂದರೆ ಅದರ ವೇಗ ಗಮನಾರ್ಹವಾಗಿ ಹೆಚ್ಚುವುದಿಲ್ಲ. ಕಬ್ಬಿಣದ ತಿರುಳು ಕಾಂತೀಯವಾಗಿ ಪರ್ಯಾಪ್ತಗೊಂಡು ಮೋಟಾರು ಬಿಸಿಯಾಗುತ್ತದೆ. ಇದರ ವೇಗ ಮುಖ್ಯವಾಗಿ ಆವರ್ತನವನ್ನು ಅವಲಂಬಿಸಿದೆ. ವೋಲ್ಟೇಜು ಮತ್ತು ಆವರ್ತನಗಳನ್ನು ಒಂದೇ ಅನುಪಾತದಲ್ಲಿ ಏರಿಸಿದಾಗ ಮಾತ್ರ ಹೆಚ್ಚು ಶಕ್ತಿಯನ್ನು ಪಡೆಯಬಹುದು. ಕೈಗಾರಿಕೆಗಳಲ್ಲಿ 230 ವೋಲ್ಟು, 50 ಹರ್ಟ್ಸಿನ ಸಂಪರ್ಕದಲ್ಲಿರುವ ಮೋಟಾರನ್ನು 400 ವೋಲ್ಟು, 87 ಹರ್ಟ್ಸಿನಲ್ಲಿ ನಡೆಸುವ ಕ್ರಮ ಇದೇ ತತ್ತ್ವವನ್ನು ಆಧರಿಸಿದೆ.

ಮೋಟಾರಿನ ಮೇಲಿನ ಪರಿಣಾಮಗಳು

ಸುರುಳಿಯ ತಂತಿಗೆ ಲೇಪಿಸಿದ ಅವಾಹಕವು 36 ವೋಲ್ಟಿನ ಬದಲು 48 ವೋಲ್ಟು ಬಂದ ಮಾತ್ರಕ್ಕೆ ಸುಡುವುದಿಲ್ಲ. ಅದರ ಸಹನಶಕ್ತಿ ಇದಕ್ಕಿಂತ ಬಹಳ ಹೆಚ್ಚು. ಅದನ್ನು ಕೆಡಿಸುವುದು ಶಾಖ. ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಮೇಲಿನ ಉದಾಹರಣೆಯ ಮೋಟಾರು 60 ಆಂಪಿಯರಿನ ಬದಲು 300 ಆಂಪಿಯರ್ ಸೆಳೆದರೆ ಶಾಖವು 180 ವ್ಯಾಟಿನಿಂದ 4,500 ವ್ಯಾಟಿಗೆ, ಅಂದರೆ 25 ಪಟ್ಟಿಗೆ ಏರುತ್ತದೆ. ಹೆಚ್ಚು ಜನರನ್ನು ಹೇರಿಕೊಂಡು ಏರು ಹತ್ತುವುದು, ಪದೇ ಪದೇ ನಿಲ್ಲಿಸಿ ರಭಸದಿಂದ ಹೊರಡುವುದು, ದೊಡ್ಡ ಚಕ್ರಗಳನ್ನು ಹಾಕುವುದು ಇವೆಲ್ಲ ಪ್ರವಾಹವನ್ನು ಹೆಚ್ಚಿಸುತ್ತವೆ. ಅವಾಹಕಗಳನ್ನು ಅವು ತಾಳುವ ಉಷ್ಣತೆಗೆ ಅನುಸಾರವಾಗಿ ಬಿ (130 ಡಿಗ್ರಿ ಸೆಲ್ಸಿಯಸ್), ಎಫ್ (155) ಮತ್ತು ಎಚ್ (180) ಎಂಬ ವರ್ಗಗಳಾಗಿ ವಿಂಗಡಿಸಲಾಗಿದೆ. ಮಿತಿಯನ್ನು ದಾಟಿದ ಪ್ರತಿ 10 ಡಿಗ್ರಿಗೆ ಅವಾಹಕದ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳು ಅನುಸರಿಸುವ ಸ್ಥೂಲ ನಿಯಮ.

ವೇಗವು ಮೂರನೇ ಒಂದು ಭಾಗದಷ್ಟು ಹೆಚ್ಚಿದರೆ ಆರ್ಮೇಚರಿನ ಮೇಲಿನ ಕೇಂದ್ರಾಪಗಾಮಿ ಬಲ ಸುಮಾರು 1.78 ಪಟ್ಟಾಗುತ್ತದೆ. ಇದರಿಂದ ಸುರುಳಿಯ ಕಟ್ಟು ಸಡಿಲವಾಗಬಹುದು, ಕಮ್ಯುಟೇಟರಿನ ತಾಮ್ರದ ಪಟ್ಟಿಗಳು ಮೇಲೇಳಬಹುದು. ಬ್ರಷ್ಷುಗಳಲ್ಲಿ ಕಿಡಿ ಹೆಚ್ಚಿ ಅವು ಬೇಗನೆ ಸವೆಯುತ್ತವೆ. ಉಡುಪಿ ಜಿಲ್ಲೆಯ ಮಟ್ಟು, ಕಾಪು, ಮಲ್ಪೆಗಳಂತಹ ಕಡಲತೀರದ ಊರುಗಳಲ್ಲಿ ಉಪ್ಪಿನಂಶ ಬೆರೆತ ತೇವದ ಗಾಳಿ ಹಾಗೂ ನುಣುಪು ಮರಳು ತಂತಿಯ ಜೋಡಣೆಗಳನ್ನು ಕಿಲುಬುಗಟ್ಟಿಸಿ, ಮೋಟಾರಿನೊಳಗೆ ಸೇರುವುದರಿಂದ ಈ ಸವೆತ ಇನ್ನೂ ತೀವ್ರವಾಗುತ್ತದೆ.

ಇತರ ಭಾಗಗಳು

ಮೋಟಾರಿಗಿಂತ ಮೊದಲು ಕೆಡುವ ಸಂಭವವಿರುವುದು ನಿಯಂತ್ರಕ. 48 ವೋಲ್ಟಿನ ಸೀಸ-ಆಮ್ಲ ಸಮೂಹದಲ್ಲಿ 24 ಕೋಶಗಳಿದ್ದು, ಚಾರ್ಜಿನ ಕೊನೆಯ ಹಂತದಲ್ಲಿ ಕೋಶಕ್ಕೆ ಸುಮಾರು 2.4 ವೋಲ್ಟಿನಂತೆ ಒಟ್ಟು 57 ವೋಲ್ಟಿಗೂ ಮೀರುತ್ತದೆ. 36 ವೋಲ್ಟಿನ ಸಮೂಹದಲ್ಲಿ ಇದು ಸುಮಾರು 43 ವೋಲ್ಟು. ಹಳೆಯ ನಿಯಂತ್ರಕದ ಕೆಪಾಸಿಟರುಗಳು ಮತ್ತು ಟ್ರಾನ್ಸಿಸ್ಟರುಗಳು ಈ ಹೆಚ್ಚಳವನ್ನು ತಾಳದೆ ಕ್ಷಣಾರ್ಧದಲ್ಲಿ ಸುಟ್ಟುಹೋಗಬಹುದು. ಮುಖ್ಯ ಸಂಪರ್ಕವನ್ನು ಬೆಸೆಯುವ ಸೊಲೆನಾಯ್ಡಿನ ಸುರುಳಿಯೂ 1.78 ಪಟ್ಟು ಹೆಚ್ಚು ಬಿಸಿಯಾಗುತ್ತದೆ. ಅದರ ಸಂಪರ್ಕ ಬಿಂದುಗಳು ಕಿಡಿಯಿಂದ ಬೆಸೆದುಕೊಂಡರೆ ವೇಗದ ಪೆಡಲಿನಿಂದ ಕಾಲು ತೆಗೆದರೂ ಸಂಪರ್ಕ ಕಡಿಯುವುದಿಲ್ಲ. ಆದ್ದರಿಂದ ನಿಯಂತ್ರಕ, ಸೊಲೆನಾಯ್ಡ್, ಚಾರ್ಜರ್ ಮತ್ತು ಫ್ಯೂಸುಗಳನ್ನು ಹೊಸ ವೋಲ್ಟೇಜಿಗೆ ತಕ್ಕಂತೆ ಬದಲಿಸುವುದು ಅನಿವಾರ್ಯ.

36 ವೋಲ್ಟಿನ ಹಳೆಯ ಸಮೂಹಕ್ಕೆ 12 ವೋಲ್ಟಿನ ಒಂದು ಹೊಸ ಬ್ಯಾಟರಿಯನ್ನು ಸೇರಿಸುವುದು ಅಗ್ಗದ ದಾರಿಯಾಗಿ ಕಂಡರೂ ಸೂಕ್ತವಲ್ಲ. ಸರಣಿಯಲ್ಲಿ ಎಲ್ಲ ಬ್ಯಾಟರಿಗಳಲ್ಲೂ ಒಂದೇ ಪ್ರವಾಹ ಹರಿಯುವುದರಿಂದ ಕಡಿಮೆ ಸಾಮರ್ಥ್ಯದ ಬ್ಯಾಟರಿ ಮೊದಲು ಬರಿದಾಗಿ ಹಾಳಾಗುತ್ತದೆ. 6 ವೋಲ್ಟಿನ ಆರು ಬ್ಯಾಟರಿಗಳ ಜಾಗದಲ್ಲಿ 8 ವೋಲ್ಟಿನ ಆರು ಬ್ಯಾಟರಿಗಳನ್ನು ಇಡುವ ಕ್ರಮವೂ ಇದೆ. ಆದರೆ ಒಂದೇ ಗಾತ್ರದ ಪೆಟ್ಟಿಗೆಯಲ್ಲಿ ಮೂರರ ಬದಲು ನಾಲ್ಕು ಕೋಶಗಳಿರುವುದರಿಂದ ಆಂಪಿಯರ್-ಗಂಟೆ ಕಡಿಮೆಯಾಗಿ, ಒಟ್ಟು ಶಕ್ತಿಸಂಗ್ರಹ ಬಹುತೇಕ ಮೊದಲಿನಷ್ಟೇ ಇರುತ್ತದೆ. ಹೀಗಾಗಿ ವೇಗ ಹೆಚ್ಚಿದರೂ ಒಮ್ಮೆ ಚಾರ್ಜು ಮಾಡಿ ಕ್ರಮಿಸುವ ದೂರ ಹೆಚ್ಚುವುದಿಲ್ಲ.

ಸುರಕ್ಷತೆ ಮತ್ತು ಕಾನೂನು

ಅನೇಕ ಗಾಲ್ಫ್ ಬಂಡಿಗಳಲ್ಲಿ ಬ್ರೇಕುಗಳಿರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ವೇಗ ಮೂರನೇ ಒಂದು ಭಾಗ ಹೆಚ್ಚಿದಾಗ ಬ್ರೇಕು ಹಾಕಿದ ಮೇಲೆ ಬಂಡಿ ನಿಲ್ಲಲು ಬೇಕಾದ ದೂರವೂ ಸುಮಾರು 1.78 ಪಟ್ಟಾಗುತ್ತದೆ. ಬಾಗಿಲು ಮತ್ತು ಸೀಟು ಪಟ್ಟಿಗಳಿಲ್ಲದ ಬಂಡಿಯಲ್ಲಿ ತಿರುವಿನಲ್ಲಿ ಪ್ರಯಾಣಿಕರು ಹೊರಗೆ ಬೀಳುವ ಅಪಾಯವಿದೆ. ಮಕ್ಕಳು ಮತ್ತು ವೃದ್ಧರಿಗೆ ಇದು ಪ್ರಾಣಾಂತಿಕವಾಗಬಹುದು. ಅಮೆರಿಕದಲ್ಲಿ ಗಂಟೆಗೆ 20ರಿಂದ 25 ಮೈಲಿ ವೇಗದ ಬಂಡಿಗಳನ್ನು 1998ರಲ್ಲಿ ಪ್ರತ್ಯೇಕ ವರ್ಗವಾಗಿ ಗುರುತಿಸಿ ದೀಪ, ಕನ್ನಡಿ ಮತ್ತು ಸೀಟು ಪಟ್ಟಿಗಳನ್ನು ಕಡ್ಡಾಯಗೊಳಿಸಲಾಯಿತು.

ಭಾರತದಲ್ಲಿ ನೋಂದಾಯಿತ ವಾಹನದ ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಂದ ಭಿನ್ನವಾಗುವಂತೆ ಮಾರ್ಪಾಡು ಮಾಡುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೇ ಪ್ರಕರಣವು ನಿರ್ಬಂಧಿಸುತ್ತದೆ. ಖಾಸಗಿ ಆವರಣದೊಳಗಷ್ಟೇ ಓಡುವ ಬಂಡಿಯಾದರೂ, ವೋಲ್ಟೇಜು ಹೆಚ್ಚಿಸುವ ಮುನ್ನ ಅದರ ಬ್ರೇಕು, ಸ್ಟೀರಿಂಗ್ ಮತ್ತು ಟೈರುಗಳು ಹೊಸ ವೇಗವನ್ನು ತಾಳುವವೇ ಎಂದು ಪರೀಕ್ಷಿಸುವುದು ಅವಶ್ಯಕ. ಏರು ಹತ್ತಲು ಬಲ ಸಾಲದಿರುವುದೇ ಸಮಸ್ಯೆಯಾದಲ್ಲಿ, ವೋಲ್ಟೇಜನ್ನು ಏರಿಸುವುದಕ್ಕಿಂತ ಹೆಚ್ಚು ತಿರುಗುಬಲದ ಮೋಟಾರು ಅಥವಾ ಸೂಕ್ತ ಗೇರ್ ಅನುಪಾತವನ್ನು ಆರಿಸಿಕೊಳ್ಳುವುದು ಸುರಕ್ಷಿತ ಮಾರ್ಗವಾಗಿದೆ.