ಎಳೆ ಕಡಿದಿರುವುದೆಲ್ಲಿ?

ಪುಟ್ಟ ಲ್ಯಾಪ್‌ಟಾಪಿನ ಮಂದಗತಿಗೆ ಮನೆಯಲ್ಲಿಯೇ ಮದ್ದು

ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವುದನ್ನು ಕಂಡವರು ಬಲ್ಲರು. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಬರುತ್ತಿರುವ ಎಳೆ ನಡುವೆ ಕಡಿಯಿತೆಂದರೆ, ಅನುಭವಸ್ಥನು ಗೂಡನ್ನು ಎಸೆಯುವುದಿಲ್ಲ. ರಾಟೆಯನ್ನು ಶಪಿಸುವುದೂ ಇಲ್ಲ. ಕಡಿದಿರುವುದೆಲ್ಲಿ ಎಂದು ನೋಡಿ, ತುದಿಯನ್ನು ಹುಡುಕಿ ಮತ್ತೆ ಹಾಯಿಸುತ್ತಾನೆ. ಮನೆಯ ಅಂತರ್ಜಾಲ ಆಮೆಯ ನಡಿಗೆಯಲ್ಲಿ ಸಾಗಿದಾಗ ನಮಗೆ ಬೇಕಾದುದೂ ಇದೇ ವಿವೇಕ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಹೊಸ ಆವೃತ್ತಿಯ ಭಾರವನ್ನು ಹೊರಲಾರದ ಹಳೆಯ ಪುಟ್ಟ ಲ್ಯಾಪ್‌ಟಾಪುಗಳಿಗೆ ಲಿನಕ್ಸ್ ಒಂದು ಮರುಜನ್ಮ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ತಂತ್ರಾಂಶಕ್ಕೆ ಹಣ ತೆರಬೇಕಾಗಿಲ್ಲ. ಆದರೆ ವೈಫೈ ಮಂದವಾದೊಡನೆ ಮನೆಮಂದಿಯೆಲ್ಲ ಒಂದೇ ತೀರ್ಪು ಕೊಡುತ್ತಾರೆ: “ಇದು ಗುಜರಿಗೇ ಯೋಗ್ಯ!” ಮಗಳ ವಿದ್ಯಾರ್ಥಿವೇತನದ ಅರ್ಜಿಗೆ ನಾಳೆಯೇ ಕಡೆಯ ದಿನವಾಗಿದ್ದರೆ ಈ ತೀರ್ಪು ಇನ್ನೂ ಬೇಗ ಹೊರಬೀಳುತ್ತದೆ. ಮೂವತ್ತು ಸಾವಿರ ರೂಪಾಯಿಗಳ ಹೊಸ ಯಂತ್ರಕ್ಕೆ ಕೈಹಾಕುವ ಮುನ್ನ ಅರ್ಧ ಗಂಟೆಯ ಪರೀಕ್ಷೆ ನಡೆಸುವುದು ಲೇಸಲ್ಲವೇ?

ದೋಷ ಯಾರದು?

ಲ್ಯಾಪ್‌ಟಾಪಿನಿಂದ ರೂಟರಿನವರೆಗೆ ಒಂದು ಹಾದಿ. ರೂಟರಿನಿಂದ ಹೊರಜಗತ್ತಿಗೆ ಇನ್ನೊಂದು. ಲ್ಯಾಪ್‌ಟಾಪ್ ಇರುವಲ್ಲಿಯೇ ಮೊಬೈಲನ್ನಿಟ್ಟು, ಅದೇ ವೈಫೈ ಹಿಡಿಸಿ ನೋಡಿ. ಎರಡೂ ಮಂದವಾಗಿದ್ದರೆ ಲ್ಯಾಪ್‌ಟಾಪು ಬಹುಶಃ ನಿರಪರಾಧಿ.

ಲಿನಕ್ಸಿನಲ್ಲಿ ಇದಕ್ಕಿಂತ ನಿಖರವಾದ ಸಾಧನವುಂಟು. ಟರ್ಮಿನಲ್ ತೆರೆದು, ‘ಪಿಂಗ್’ ಎಂಬ ಆಜ್ಞೆಯೊಡನೆ ರೂಟರಿನ ವಿಳಾಸವನ್ನು (ಅನೇಕ ಮನೆಗಳಲ್ಲಿ ಇದು 192.168.1.1) ಕೊಡಿ. ಉತ್ತರ ಕೆಲವೇ ಮಿಲಿಸೆಕೆಂಡುಗಳಲ್ಲಿ ತಪ್ಪದೆ ಬರುತ್ತಿದ್ದರೆ ಒಳಹಾದಿ ಸರಿಯಾಗಿದೆ. ನೂರಾರು ಮಿಲಿಸೆಕೆಂಡು ಹಿಡಿದರೆ, ಇಲ್ಲವೇ ನಡುನಡುವೆ ಉತ್ತರವೇ ಬಾರದಿದ್ದರೆ, ಎಳೆ ಕಡಿದಿರುವುದು ಮನೆಯೊಳಗೇ. ಬಳಿಕ 8.8.8.8 ಎಂಬ ಹೊರಗಿನ ವಿಳಾಸವನ್ನು ಪರೀಕ್ಷಿಸಿ. ರೂಟರ್ ಚುರುಕಾಗಿದ್ದು ಇದು ಮಾತ್ರ ತಡವರಿಸಿದರೆ, ದೂರು ಕೊಡಬೇಕಾದುದು ಸಂಪರ್ಕ ಒದಗಿಸುವ ಸಂಸ್ಥೆಗೆ. ಆಗ ಲ್ಯಾಪ್‌ಟಾಪನ್ನು ಬದಲಿಸಿ ಪ್ರಯೋಜನವಿಲ್ಲ.

ಬಂಡೆಯೂ ಗೋಡೆಯೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಕಲ್ಲಿಗೆ ಹೆಸರಾದ ಸೀಮೆ. ಸಾವನದುರ್ಗದಂಥ ಏಕಶಿಲೆಯ ಬೆಟ್ಟದ ಮರೆಯಲ್ಲಿರುವ ಊರಿಗೆ ಗೋಪುರದ ಸಂಕೇತ ಕುಂದುವುದು ಸಹಜ. ಮೊಬೈಲ್ ಜಾಲವನ್ನೇ ನಂಬಿದವರು ರೂಟರನ್ನು ಗೋಪುರದತ್ತ ಮುಖಮಾಡಿದ ಕಿಟಕಿಯ ಬಳಿ ಇಡಬೇಕು. 1975ರಲ್ಲಿ ತೆರೆಕಂಡ ‘ಶೋಲೆ’ಯ ಕುದುರೆಗಳು ಇಲ್ಲಿನ ಬಂಡೆಗಳ ನಡುವೆ ನುಸುಳಿಹೋದವು, ರೇಡಿಯೋ ಅಲೆಗಳಿಗೆ ಅಷ್ಟು ಜಾಣತನವಿಲ್ಲ!

ಮನೆಯೊಳಗಿನ ದಪ್ಪ ಕಲ್ಲುಗೋಡೆ, ಕಬ್ಬಿಣದ ಬೀರು, ನೀರಿನ ತೊಟ್ಟಿ, ಇವೂ ಅಲೆಗಳಿಗೆ ಅಡ್ಡಿಯೇ. ವೈಫೈಗೆ ಮುಖ್ಯವಾಗಿ ಎರಡು ದಾರಿಗಳು: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದು ದೂರ ಹೋಗುತ್ತದೆ, ಆದರೆ ಅಲ್ಲಿ ಜನಜಂಗುಳಿ ಹೆಚ್ಚು. ಅಡಿಗೆಮನೆಯ ಮೈಕ್ರೋವೇವ್ ಒಲೆ, ಬ್ಲೂಟೂತ್ ಉಪಕರಣಗಳೂ ಅಲ್ಲಿಯೇ ಗಲಭೆ ಮಾಡುತ್ತವೆ. ಎರಡನೆಯದು ವೇಗದ್ದು, ಆದರೆ ಗೋಡೆಗಳಿಗೆ ಬೇಗ ಸೋಲುತ್ತದೆ. ಆದುದರಿಂದ ಒಂದೇ ಕೊಠಡಿಯಲ್ಲಿದ್ದರೆ 5, ಎರಡು ಗೋಡೆಗಳಾಚೆ ಇದ್ದರೆ 2.4 ಎಂಬುದು ಒಳ್ಳೆಯ ಸೂತ್ರ. ಹಳೆಯ ಪುಟ್ಟ ಯಂತ್ರಗಳು ಕೆಲವಕ್ಕೆ ಎರಡನೆಯ ದಾರಿಯ ಪ್ರವೇಶವೇ ಇಲ್ಲ.

‘ಎನ್‌ಎಂಸಿಎಲ್‌ಐ ಡಿವೈಸ್ ವೈಫೈ’ ಎಂಬ ಆಜ್ಞೆ ಕೊಟ್ಟರೆ (ಬರೆಯುವುದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ) ನೆರೆಹೊರೆಯ ಜಾಲಗಳೂ ಅವುಗಳ ಚಾನೆಲ್ ಸಂಖ್ಯೆಗಳೂ ಸಂಕೇತದ ಬಲವೂ ಪಟ್ಟಿಯಾಗಿ ಕಾಣುತ್ತವೆ. ಎಲ್ಲರೂ 6ರಲ್ಲಿ ನೆರೆದಿದ್ದರೆ ನಿಮ್ಮ ರೂಟರನ್ನು 1ಕ್ಕೋ 11ಕ್ಕೋ ಸರಿಸಿ. ಈ ಮೂರು ಚಾನೆಲುಗಳು ಒಂದರ ಮೇಲೊಂದು ಬೀಳುವುದಿಲ್ಲ.

ಲಿನಕ್ಸಿನ ಒಳಬೇನೆ

ರೂಟರಿನ ಪಕ್ಕದಲ್ಲಿ ಕುಳಿತರೂ ಮೊಬೈಲು ಓಡುತ್ತಿದ್ದು ಲ್ಯಾಪ್‌ಟಾಪು ಮಾತ್ರ ಕುಂಟಿದರೆ ಮೂರು ಕಾರಣಗಳನ್ನು ಶಂಕಿಸಬಹುದು.

ಮೊದಲನೆಯದು ಮಿತವ್ಯಯ. ಬ್ಯಾಟರಿ ಉಳಿಸಲೆಂದು ವೈಫೈ ಆಗಾಗ ತೂಕಡಿಸುತ್ತದೆ. ಕೆಲವು ಯಂತ್ರಗಳಲ್ಲಿ ಎಚ್ಚರಗೊಳ್ಳುವುದೇ ತಡ. ಉಬುಂಟುವಿನಲ್ಲಿ ನೆಟ್‌ವರ್ಕ್ ಮ್ಯಾನೇಜರಿನ ವ್ಯವಸ್ಥಾ ಕಡತದೊಳಗೆ ‘ವೈಫೈ ಪವರ್‌ಸೇವ್’ ಎಂಬ ಸಾಲಿನ ಮುಂದೆ 3 ಎಂದಿರುತ್ತದೆ. ಅದನ್ನು 2 ಎಂದು ತಿದ್ದಿ ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ತೂಕಡಿಕೆ ನಿಲ್ಲುತ್ತದೆ. ಬ್ಯಾಟರಿ ಸ್ವಲ್ಪ ಬೇಗ ಇಳಿಯುವುದೇ ಇದಕ್ಕೆ ತೆರುವ ಬೆಲೆ.

ಎರಡನೆಯದು ಫರ್ಮ್‌ವೇರ್. ವೈಫೈ ಚಿಪ್ಪಿಗೆ ಅದರ ತಯಾರಕರ ಕಿರು ತಂತ್ರಾಂಶ ಬೇಕು. ಡೆಬಿಯನ್ 2023ರ ತನ್ನ 12ನೆಯ ಆವೃತ್ತಿಯಿಂದ ಇದನ್ನು ಅನುಸ್ಥಾಪನೆಯೊಡನೆಯೇ ಕೊಡುತ್ತಿದೆ. ಅದಕ್ಕೂ ಹಿಂದಿನದಾದರೆ ಬೇರೆಯಾಗಿ ಹಾಕಬೇಕಾದೀತು.

ಮೂರನೆಯದು ಆಂಟೆನಾ. ಅಗ್ಗದ ಕೆಲವು ಲ್ಯಾಪ್‌ಟಾಪುಗಳಲ್ಲಿರುವ ರಿಯಲ್‌ಟೆಕ್ 8723ಬಿಇ ಚಿಪ್ಪಿಗೆ ಒಂದೇ ಆಂಟೆನಾ ಜೋಡಿಸಿರುತ್ತದೆ; ಚಾಲಕ ತಂತ್ರಾಂಶವಾದರೋ ಇನ್ನೊಂದು ಕಿಂಡಿಯಲ್ಲಿ ಕಿವಿಗೊಟ್ಟು ಕುಳಿತಿರುತ್ತದೆ! ‘ಆ್ಯಂಟ್ ಸೆಲ್’ ಎಂಬ ಆಯ್ಕೆಯನ್ನು 1 ಇಲ್ಲವೇ 2 ಎಂದು ಬದಲಿಸಿದೊಡನೆ ಸತ್ತಂತಿದ್ದ ಸಂಕೇತಕ್ಕೆ ಜೀವ ಬರುವುದುಂಟು.

ಒಂದು ಬಾರಿಗೆ ಒಂದನ್ನೇ ಬದಲಿಸಿ. ಹಳೆಯ ಸಂಖ್ಯೆಯನ್ನು ಕಾಗದದ ಮೇಲೆ ಗುರುತು ಹಾಕಿಕೊಳ್ಳಿ. ಮತ್ತೆ ಪಿಂಗ್ ಮಾಡಿ ನೋಡಿ. ಇಷ್ಟಾದರೂ ಫಲ ಸಿಗದಿದ್ದರೆ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ವೈಫೈ ತುಣುಕೊಂದನ್ನು ಕೊಳ್ಳಬಹುದು. ಲಿನಕ್ಸಿಗೆ ಒಗ್ಗುವಂಥದೇ ಎಂದು ವಿಚಾರಿಸಿಕೊಂಡು ಕೊಳ್ಳಬೇಕು. ಹೊಸ ಲ್ಯಾಪ್‌ಟಾಪಿನ ಬೆಲೆಯ ಮುಂದೆ ಅದರ ಖರ್ಚು ಅತ್ಯಲ್ಪ. ಅರ್ಜಿಯೂ ಸಕಾಲಕ್ಕೆ ಹೋದೀತು. ಗುಜರಿಯವನು ಬರಿಗೈಯಲ್ಲಿ ಮುಂದಿನ ಬೀದಿಗೆ ನಡೆದಾನು.